ಪಿತ್ತನಾಳದ ಸಿಸ್ಟ್: ನೋವಿಲ್ಲದಿದ್ದರೂ ಶಸ್ತ್ರಚಿಕಿತ್ಸೆ ಬೇಕೇ?

ಪ್ರಶ್ನೆ: ನನಗೆ 36 ವರ್ಷ. ಬಲಪಕ್ಕೆಯ ಕೆಳಗೆ ಆಗಾಗ ನೋವು ಬರುತ್ತಿದ್ದುದರಿಂದ ಸ್ಕ್ಯಾನ್ ಮಾಡಿಸಿದೆ. ಪಿತ್ತನಾಳ ಚೀಲದಂತೆ ಊದಿಕೊಂಡಿದೆ, ಇದು ಮೊದಲನೆಯ ಬಗೆಯ ಕೊಲೆಡೋಕಲ್ ಸಿಸ್ಟ್ ಎಂದು ವೈದ್ಯರು ಹೇಳಿದ್ದಾರೆ. ಈಗ ನೋವಿಲ್ಲ. ಆದರೂ ಶಸ್ತ್ರಚಿಕಿತ್ಸೆ ಬೇಕೇ? ಆ ಚೀಲವನ್ನು ಹಾಗೇ ಕರುಳಿಗೆ ಜೋಡಿಸಿ ಪಿತ್ತ ಹರಿದುಹೋಗುವಂತೆ ಮಾಡಿದರೆ ಸಾಲದೇ? ಲ್ಯಾಪರೋಸ್ಕೋಪಿಯಲ್ಲಿ ಏನಾದರೂ ಒಳಗೇ ಉಳಿದೀತೆಂಬ ಭಯವೂ ಇದೆ.

ಉತ್ತರ: ನೋವು ನಿಂತಿದೆ ಎಂಬ ಕಾರಣಕ್ಕೆ ದಯವಿಟ್ಟು ಇದನ್ನು ಮುಂದೂಡಬೇಡಿ. ಈ ತೊಂದರೆ ಇರುವ ಬಹುಪಾಲು ಜನರಲ್ಲಿ ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಕರುಳನ್ನು ತಲುಪುವ ಮೊದಲೇ ಒಂದಾಗಿರುತ್ತವೆ. ಹಾಗಾಗಿ ಮೇದೋಜೀರಕ ರಸ ಹಿಮ್ಮುಖವಾಗಿ ಪಿತ್ತನಾಳಕ್ಕೆ ನುಗ್ಗಿ, ಅದರ ಒಳಪದರವನ್ನು ವರ್ಷಗಟ್ಟಲೆ ಕೆರಳಿಸುತ್ತದೆ. ಕಲ್ಲು, ಸೋಂಕು, ಕಾಮಾಲೆ ಹೀಗೆ ಬರುತ್ತವೆ. ಕ್ಯಾನ್ಸರಿನ ಅಪಾಯವೂ ಇದರಿಂದಲೇ, ಅದು ವಯಸ್ಸಿನೊಂದಿಗೆ ಏರುತ್ತದೆ. ಸಿಸ್ಟನ್ನು ಹಾಗೇ ಬಿಟ್ಟು ಕರುಳಿಗೆ ಜೋಡಿಸುವ ಪದ್ಧತಿ ಹಿಂದೆ ಇತ್ತು. ಕೆರಳಿದ ಪದರ ಒಳಗೇ ಉಳಿದು, ಮುಂದೆ ಅಲ್ಲೇ ಕ್ಯಾನ್ಸರ್ ಕಾಣಿಸಿಕೊಂಡ ಅನುಭವದಿಂದ ಅದನ್ನು ಕೈಬಿಡಲಾಯಿತು.

ನಿಮ್ಮಂಥವರಲ್ಲಿ ಊದಿದ ನಾಳವನ್ನೂ ಪಿತ್ತಕೋಶವನ್ನೂ ತೆಗೆದು, ಯಕೃತ್ತಿನಿಂದ ಹೊರಬರುವ ನಾಳದ ತುದಿಗೆ ಸಣ್ಣ ಕರುಳಿನ ಒಂದು ಕುಣಿಕೆಯನ್ನು ನೇರವಾಗಿ ಹೊಲಿಯುತ್ತಾರೆ. ಲ್ಯಾಪರೋಸ್ಕೋಪಿಯಲ್ಲಿ ಇದೇ ಕೆಲಸವನ್ನು ನಾಲ್ಕೈದು ಚಿಕ್ಕ ರಂಧ್ರಗಳ ಮೂಲಕ ಮಾಡುತ್ತಾರೆ. ನೋವು ಕಡಿಮೆ, ಎದ್ದು ಓಡಾಡುವುದು ಬೇಗ. ಆದರೆ ವಯಸ್ಕರಲ್ಲಿ ಹಳೆಯ ಉರಿಯೂತದಿಂದ ಸಿಸ್ಟಿನ ಹಿಂಗೋಡೆ ಅದರ ಬೆನ್ನಿಗೇ ಇರುವ, ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳಕ್ಕೆ ಅಂಟಿಕೊಂಡಿರಬಹುದು. ಆಗ ಅದನ್ನು ಎಳೆದು ಬಿಡಿಸದೆ, ಹೊರಪದರವನ್ನು ರಕ್ತನಾಳದ ಮೇಲೆಯೇ ಬಿಟ್ಟು ಒಳಪದರವನ್ನಷ್ಟೇ ಸುಲಿದು ತೆಗೆಯುವುದುಂಟು. ಒಳಗೆ ಏನಾದರೂ ಉಳಿದೀತೆಂಬ ನಿಮ್ಮ ಭಯಕ್ಕೆ ಉತ್ತರ ಇಲ್ಲಿದೆ: ಕ್ಯಾನ್ಸರಿಗೆ ನೆಲೆಯಾಗುವುದು ಒಳಪದರ, ಅದು ಉಳಿಯಬಾರದು.

ಇನ್ನು ಹೊಲಿಗೆಯ ಮಾತು. ಕೆಲವೇ ಮಿಲಿಮೀಟರ್ ಅಗಲದ ನಾಳದ ಅಂಚಿಗೆ, ಕರುಳಿನ ಒಳಪದರ ಸರಿಯಾಗಿ ಕೂರುವಂತೆ, ಸೂಕ್ಷ್ಮ ದಾರದಿಂದ ಒಂದೊಂದೇ ಹೊಲಿಗೆ ಹಾಕಬೇಕು. ಸಡಿಲವಾದರೆ ಪಿತ್ತ ಸೋರುತ್ತದೆ, ಕಿರಿದಾದರೆ ಮುಂದೆ ಕಟ್ಟಿಕೊಳ್ಳುತ್ತದೆ. ರೋಬೋಟ್ ನೆರವಿದ್ದರೆ ಉಪಕರಣದ ತುದಿ ಮಣಿಕಟ್ಟಿನಂತೆ ತಿರುಗುವುದರಿಂದ ಈ ಹೊಲಿಗೆ ಸುಲಭವಾಗುತ್ತದೆಯಾದರೂ, ಯಂತ್ರಕ್ಕಿಂತ ಕೈಯ ಅನುಭವವನ್ನೇ ನಾನು ಹೆಚ್ಚು ನಂಬುತ್ತೇನೆ. ಆದ್ದರಿಂದ ಇಂಥ ಎಷ್ಟು ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದೀರಿ ಎಂದು ನಿಮ್ಮ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ನಡುವೆ ಹೊಟ್ಟೆ ತೆರೆಯಬೇಕಾಗಿ ಬಂದರೆ ಅದನ್ನು ಸೋಲೆಂದು ಎಣಿಸಬೇಡಿ. ರಕ್ತಸ್ರಾವದ ಅಂಚಿನಲ್ಲಿ ಆ ನಿರ್ಧಾರ ತೆಗೆದುಕೊಳ್ಳುವವರೇ ಒಳ್ಳೆಯ ಶಸ್ತ್ರಚಿಕಿತ್ಸಕರು.

ಮೊದಲು ಎಂ.ಆರ್.ಸಿ.ಪಿ. (ಪಿತ್ತ ಮತ್ತು ಮೇದೋಜೀರಕ ನಾಳಗಳ ಎಂ.ಆರ್.ಐ.) ಸ್ಕ್ಯಾನ್ ಆಗಿರಲಿ, ನಾಳಗಳು ಎಲ್ಲಿ ಕೂಡುತ್ತವೆ, ಊತ ಯಕೃತ್ತಿನೊಳಕ್ಕೂ ಹಬ್ಬಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ತೆಗೆದ ಭಾಗವನ್ನು ಪೆಥಾಲಜಿ ಪರೀಕ್ಷೆಗೆ ಕಳುಹಿಸಬೇಕು. ಕ್ಯಾನ್ಸರಿನ ಅಪಾಯ ಬಹಳ ತಗ್ಗಿದರೂ ಪೂರ್ತಿ ಇಲ್ಲವಾಗದ ಕಾರಣ, ವರ್ಷಗಳು ಕಳೆದರೂ ತಪಾಸಣೆ ಬಿಡಬೇಡಿ. ಚಳಿಜ್ವರವೋ ಕಣ್ಣಿನ ಹಳದಿಯೋ ಕಾಣಿಸಿದರೆ ಅಂದೇ ಆಸ್ಪತ್ರೆಗೆ ಹೋಗಿ.