ಸಂಪಾದಕರ ಉತ್ತರ: ವಿದೇಶ ನೋಡದವರಿಗೂ ಈ ಕೆಲಸ ಸಿಗುತ್ತದೆ

ಪ್ರಿಯ ಓದುಗರೆ,

ನಿಮ್ಮ ಪತ್ರ ತಲುಪಿತು. ವಾಣಿಜ್ಯ ಪದವಿ ಮುಗಿಸಿ ಕೆಲವು ವರ್ಷಗಳಿಂದ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೀರಿ. ಹೊಸ ಕೆಲಸ ಹುಡುಕಲು ಹೊರಟರೆ ಜಾಹೀರಾತುಗಳಲ್ಲೆಲ್ಲ ‘ಅಂತರರಾಷ್ಟ್ರೀಯ ವ್ಯವಹಾರದ ತಿಳಿವಳಿಕೆ ಇರಬೇಕು’ ಎಂಬ ಸಾಲು ಎದುರಾಗುತ್ತಿದೆ. ‘ನಾನು ಒಮ್ಮೆಯೂ ವಿದೇಶಕ್ಕೆ ಹೋದವಳಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೆ. ಈ ಕೆಲಸಗಳು ನನ್ನಂಥವರಿಗಲ್ಲ ಅಲ್ವಾ? ಇಲ್ಲ, ಸಾಲ ಮಾಡಿಯಾದರೂ ಒಂದು ಕೋರ್ಸ್ ಸೇರಲಾ?’ ಎಂದು ಕೇಳಿದ್ದೀರಿ.

ಸಾಲದ ಮಾತನ್ನು ಮೊದಲು ಮುಗಿಸಿಬಿಡೋಣ. ಈಗಲೇ ಬೇಡ. ಕೋರ್ಸ್‌ಗಳೆಲ್ಲ ದಂಡ ಅಂತ ನಾನು ಹೇಳುವುದಿಲ್ಲ. ಆದರೆ ಆ ಒಂದು ಸಾಲು ಬರೆದ ಕಂಪನಿಗೆ ಏನು ಬೇಕಾಗಿದೆ ಎಂದು ತಿಳಿಯದೆ ದುಡ್ಡು ಕಟ್ಟಿದರೆ ಸರ್ಟಿಫಿಕೇಟ್ ಮಾತ್ರ ಕೈಗೆ ಬಂದೀತು.

ನನಗೆ ಕಂಡ ಮಟ್ಟಿಗೆ ಅವರಿಗೆ ಬೇಕಾಗಿರುವುದು ಇಷ್ಟು. ಗಡಿಯಾಚೆಗಿನ ವ್ಯವಹಾರದಲ್ಲಿ ದುಡ್ಡು ಎಲ್ಲಿ ಸೋರಬಹುದು ಎಂದು ಮೊದಲೇ ಗುರುತಿಸಿ, ಬಾಯಿಬಿಟ್ಟು ಕೇಳುವ ಜನ. ಒಂದೇ ದೇಶದೊಳಗಿನ ವ್ಯಾಪಾರದಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಕಾನೂನು ಒಂದೇ, ಕರೆನ್ಸಿ ಒಂದೇ. ತಪ್ಪಾದರೆ ಒಂದು ಫೋನ್ ಮಾಡಿ ಸರಿಪಡಿಸಿಕೊಳ್ಳಬಹುದು. ಗಡಿ ದಾಟಿದ ಮೇಲೆ ಸರಕು ಸಮುದ್ರದಲ್ಲಿರುತ್ತದೆ, ಕಾಗದ ಬ್ಯಾಂಕಿನಲ್ಲಿರುತ್ತದೆ, ದುಡ್ಡು ಇನ್ನೂ ಇನ್ನೊಬ್ಬರ ಖಾತೆಯಲ್ಲೇ ಇರುತ್ತದೆ. ಒಂದು ಕಡೆ ಎಡವಿದರೆ ಮೂರೂ ನಿಂತುಬಿಡುತ್ತವೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಒಂದು ಕಂಪನಿ ಹೊರದೇಶದಿಂದ ಯಂತ್ರ ತರಿಸುತ್ತಿದೆ ಎಂದುಕೊಳ್ಳಿ. ಒಪ್ಪಂದದಲ್ಲಿ ‘ಸಿಐಎಫ್’ ಎಂದಿದೆ. ಅಂದರೆ ಹಡಗಿನ ಬಾಡಿಗೆ, ವಿಮೆ ಎರಡನ್ನೂ ಮಾರುವವರೇ ಕಟ್ಟುತ್ತಾರೆ. ಹಾಗಾಗಿ ಆಫೀಸಿನಲ್ಲಿ ಎಲ್ಲರೂ ನಿಶ್ಚಿಂತೆಯಿಂದಿರುತ್ತಾರೆ. ನಮ್ಮ ಬಂದರು ಮುಟ್ಟುವ ತನಕ ಹೊಣೆ ಅವರದೇ ತಾನೇ? ಹಾಗಿಲ್ಲ. ಯಂತ್ರ ಆ ಕಡೆಯ ಬಂದರಿನಲ್ಲಿ ಹಡಗು ಏರಿತು ಎಂದರೆ, ಅಲ್ಲಿಂದಾಚೆಗೆ ಹಾಳಾದರೆ ನಷ್ಟ ಕೊಂಡವರ ತಲೆಗೇ ಬರುತ್ತದೆ. ಮಾರುವವರು ಮಾಡಿಸಬೇಕಾದ ವಿಮೆಯೂ ಕನಿಷ್ಠ ಮಟ್ಟದ್ದು. ಹಡಗಿಗೆ ಬೆಂಕಿ ಬಿದ್ದರೆ, ಮುಳುಗಿದರೆ ಪರಿಹಾರ ಸಿಗುತ್ತದೆ. ಕಳವಾದರೆ ಸಿಗುವುದಿಲ್ಲ. ಜಾಸ್ತಿ ರಕ್ಷಣೆ ಬೇಕೆಂದರೆ ಮೊದಲೇ ಕೇಳಿ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಹೀಗೆ ಸರಕಿನ ಖರ್ಚು, ಹೊಣೆ ಎಲ್ಲಿಯವರೆಗೆ ಯಾರದು ಎಂದು ಹೇಳುವುದು ಇನ್ಕೋಟರ್ಮ್ಸ್ ಎಂಬ ನಿಯಮಗಳು. ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ 1936ರಲ್ಲಿ ಮೊದಲ ಸಲ ಹೊರತಂದಿತು. ಈಗ ಬಳಕೆಯಲ್ಲಿರುವುದು 2020ರ ಆವೃತ್ತಿ. ಅದರಲ್ಲಿರುವುದು ಒಟ್ಟು 11 ನಿಯಮ. ಹನ್ನೊಂದು ನಿಯಮ ಕಲಿಯಲು ಯಾರೂ ವಿಮಾನ ಹತ್ತಬೇಕಾಗಿಲ್ಲ. ಆದರೂ ಎಷ್ಟೋ ಕಾಲದಿಂದ ಆಮದು ಮಾಡುತ್ತಿರುವವರೂ ‘ಹೊಣೆ ಎಲ್ಲಿ ಕೈ ಬದಲಾಗುತ್ತದೆ’ ಎಂದು ಕೇಳಿದರೆ ತಡವರಿಸುತ್ತಾರೆ.

2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಿದ್ದು ನಿಮಗೆ ನೆನಪಿರಬಹುದು. ಅದರಲ್ಲಿ 18 ಸಾವಿರಕ್ಕೂ ಹೆಚ್ಚು ಕಂಟೇನರ್‌ಗಳಿದ್ದವು. ಆರು ದಿನಕ್ಕೆ ಹಡಗು ಬಿಡುಗಡೆಯಾಯಿತು, ಸುದ್ದಿಯೂ ತಣ್ಣಗಾಯಿತು. ಆಮೇಲೆ ಹಡಗಿನ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದರು. ಅಂದರೆ ಹಡಗನ್ನು ಕಾಪಾಡಲು ಆದ ಖರ್ಚಿನಲ್ಲಿ ಸರಕಿನ ಮಾಲೀಕರೂ ಪಾಲು ಕೊಡಬೇಕು. ಆ ಪಾಲು ಕೊಡುತ್ತೇವೆ ಎಂಬುದಕ್ಕೆ ಭದ್ರತೆ ಕೊಡದೆ ಸರಕು ಬಿಡಿಸಿಕೊಳ್ಳಲು ಆಗುವುದಿಲ್ಲ. ವಿಮೆ ಇದ್ದರೆ ವಿಮಾ ಕಂಪನಿ ಗ್ಯಾರಂಟಿ ಕೊಡುತ್ತದೆ, ಇಲ್ಲದಿದ್ದರೆ ಕೈಯಿಂದಲೇ ಕಟ್ಟಬೇಕು. ತನ್ನ ತಪ್ಪೇನೂ ಇಲ್ಲದ ಸಣ್ಣ ವ್ಯಾಪಾರಿಗೆ ಇದು ಎಂಥ ಹೊಡೆತ ಎಂದು ಯೋಚಿಸಿ. ‘ಈ ಸರಕಿಗೆ ವಿಮೆ ಇದೆಯಾ, ಯಾರ ಹೆಸರಲ್ಲಿದೆ?’ ಎಂದು ಮೊದಲೇ ಕೇಳುವ ಒಬ್ಬರು ಆಫೀಸಿನಲ್ಲಿದ್ದರೆ ಆ ಕಂಪನಿ ಉಳಿದುಕೊಳ್ಳುತ್ತದೆ.

ಎಲ್‌ಸಿ ವಿಷಯವೂ ಹೀಗೇ. ಲೆಟರ್ ಆಫ್ ಕ್ರೆಡಿಟ್, ಅಂದರೆ ಸರಿಯಾದ ಕಾಗದ ಕೊಟ್ಟರೆ ದುಡ್ಡು ಕೊಡುತ್ತೇವೆ ಎಂದು ಕೊಳ್ಳುವವರ ಬ್ಯಾಂಕ್ ಬರೆದುಕೊಡುವ ಪತ್ರದ ಮೂಲಕ ದುಡ್ಡು ಬರುವಾಗ ಬ್ಯಾಂಕ್ ಸರಕನ್ನು ನೋಡುವುದೇ ಇಲ್ಲ, ಕಾಗದ ನೋಡುತ್ತದೆ. 2007ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಕಾಗದ ಪರಿಶೀಲಿಸಲು ಬ್ಯಾಂಕಿಗೆ ಹೆಚ್ಚೆಂದರೆ ಐದು ಕೆಲಸದ ದಿನ. ಎಲ್‌ಸಿಯಲ್ಲಿ ಕೊಟ್ಟ ಕೊನೆಯ ದಿನಾಂಕಕ್ಕಿಂತ ಒಂದೇ ದಿನ ತಡವಾಗಿ ಸರಕು ಹಡಗಿಗೆ ಏರಿದೆ ಎಂದು ಬಿಲ್ ಆಫ್ ಲೇಡಿಂಗ್ (ಸರಕು ಪಡೆದದ್ದಕ್ಕೆ ಹಡಗಿನ ಕಂಪನಿ ಕೊಡುವ ರಸೀದಿ) ತೋರಿಸಿದರೂ ದುಡ್ಡು ತಡೆಹಿಡಿಯಬಹುದು. ಕಂಟೇನರ್ ತುಂಬ ಒಳ್ಳೆಯ ಮಾಲೇ ಇರಲಿ, ಅದು ಲೆಕ್ಕಕ್ಕಿಲ್ಲ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡುವ ಕೆಲಸ ಇದು. ಅಕೌಂಟ್ಸ್‌ನಲ್ಲಿ ಇರುವ ನಿಮಗೆ ತಾಳೆ ನೋಡುವುದನ್ನು ಹೇಳಿಕೊಡಬೇಕಾ?

ಇನ್ನು ಮರದ ಪ್ಯಾಲೆಟ್. ಸರಕಿನ ಕೆಳಗೆ ಇಡುವ ಆ ಹಲಗೆಯ ಚೌಕಟ್ಟನ್ನು ಯಾರು ತಾನೇ ಗಮನಿಸುತ್ತಾರೆ? ಆದರೆ ಹಸಿ ಮರದಲ್ಲಿ ಹುಳ ಇದ್ದು, ಇನ್ನೊಂದು ದೇಶದ ಕಾಡಿಗೆ ಸೇರಿದರೆ ಮರಗಳೇ ಸಾಯುತ್ತವೆ. ಅದಕ್ಕೇ ಐಎಸ್‌ಪಿಎಂ 15 ಎಂಬ ನಿಯಮವಿದೆ. ಬಿಸಿ ಮಾಡಿ ಶುದ್ಧ ಮಾಡುವುದಾದರೆ ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ಸತತ 30 ನಿಮಿಷ ಅಲ್ಲೇ ಇರಬೇಕು. ಹಾಗೆ ಮಾಡಿದ ಮರದ ಮೇಲೆ ತೆನೆಯ ಚಿತ್ರವಿರುವ ಮುದ್ರೆ ಒತ್ತಿರುತ್ತಾರೆ. ಮುದ್ರೆ ಇಲ್ಲದ ಪ್ಯಾಲೆಟ್ ಹೋದರೆ ಸರಕು ಬಂದರಿನಲ್ಲೇ ಕೂತೀತು, ವಾಪಸೂ ಬಂದೀತು. ಲೋಡ್ ಆಗುವ ಮೊದಲು ಗೋದಾಮಿಗೆ ಹೋಗಿ ಆ ಮುದ್ರೆ ನೋಡಿ ಬರುವವರಿಗೆ ನಾನಾದರೆ ಕಣ್ಣುಮುಚ್ಚಿ ಕೆಲಸ ಕೊಡುತ್ತೇನೆ.

ಸಣ್ಣ ಸಣ್ಣ ವಿಷಯಗಳೂ ಇವೆ. ಜರ್ಮನಿಯವರು 1.500 ಎಂದು ಬರೆದರೆ ಅದು ಒಂದೂವರೆ ಅಲ್ಲ, ಒಂದೂವರೆ ಸಾವಿರ. 03/04 ಎಂದರೆ ಅಮೆರಿಕದಲ್ಲಿ ಮಾರ್ಚ್ 4, ಬ್ರಿಟನ್‌ನಲ್ಲಿ ಏಪ್ರಿಲ್ 3. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಗೊಂದಲವೇ ಇಲ್ಲ. ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವುದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪ್ ಮಾಡುವುದು ಕೊನೆಯ ಭಾನುವಾರ. ಮಧ್ಯದ ಆ ದಿನಗಳಲ್ಲಿ ನ್ಯೂಯಾರ್ಕ್–ಲಂಡನ್ ಅಂತರ ಐದು ಗಂಟೆಯ ಬದಲು ನಾಲ್ಕೇ ಗಂಟೆ. ಮೀಟಿಂಗ್‌ಗಳು ತಪ್ಪಿಹೋಗುವುದು ಆಗಲೇ.

ಭಾಷೆಯ ಅಳುಕಿನ ಬಗ್ಗೆ ಒಂದು ಮಾತು. ಕೊರಿಯಾದವರು ಬ್ರೆಜಿಲ್‌ನವರಿಗೆ ಇಮೇಲ್ ಬರೆಯುವಾಗ ಇಂಗ್ಲಿಷ್ ಇಬ್ಬರಿಗೂ ಕಲಿತ ಭಾಷೆಯೇ. ಅಲ್ಲಿ ಅಲಂಕಾರದ ಇಂಗ್ಲಿಷ್ ಸುಮ್ನೆ ತೊಂದರೆ ಕೊಡುತ್ತದೆ. ಸಣ್ಣ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ವಿಷಯ, ಫೋನ್‌ನಲ್ಲಿ ಮಾತಾಡಿದ ಮೇಲೆ ಒಪ್ಪಿಕೊಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸುವುದು. ಇಷ್ಟು ಬಂದರೆ ಸಾಕು. ಎದುರಿನವರು ‘ನೋಡೋಣ’, ‘ಸ್ವಲ್ಪ ಕಷ್ಟ’ ಎಂದಾಗ ಅದು ಇಲ್ಲ ಎಂಬ ಉತ್ತರವೂ ಆಗಿರಬಹುದು ಎಂಬ ಅರಿವು ಇರಲಿ. ಆದರೆ ‘ಆ ದೇಶದವರು ಹೀಗೆ, ಈ ದೇಶದವರು ಹಾಗೆ’ ಎಂಬ ಪಟ್ಟಿಗಳನ್ನು ಬಾಯಿಪಾಠ ಮಾಡಬೇಡಿ. ನಿಮ್ಮ ವ್ಯವಹಾರ ಇರುವುದು ಒಬ್ಬ ಮನುಷ್ಯನ ಜೊತೆ, ಅವರಿಗೆ ಹೇಗೆ ಅನುಕೂಲ ಎಂದು ಅವರನ್ನೇ ಕೇಳಿ.

ನೇಮಕ ಮಾಡುವ ಕಂಪನಿಗಳಿಗೂ ನಾನು ಒಂದು ಮಾತು ಹೇಳಲೇಬೇಕು. ಎಲ್ಲರೂ ಅನುಭವ ಇದ್ದವರನ್ನೇ ಕೇಳಿದರೆ ಅನುಭವ ಹುಟ್ಟುವುದು ಎಲ್ಲಿ? ಒಂದು ಶಿಪ್‌ಮೆಂಟ್‌ನ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬ ಹೊಸಬರ ಕೈಗೆ ಕೊಟ್ಟು, ಪಕ್ಕದಲ್ಲಿ ಒಬ್ಬ ಹಿರಿಯರನ್ನು ಕೂರಿಸಿದರೆ ಅದಕ್ಕಿಂತ ಒಳ್ಳೆಯ ತರಬೇತಿ ಬೇರೆ ಇಲ್ಲ. ಅದನ್ನು ಮಾಡದೆ ‘ಜನ ಸಿಗುವುದಿಲ್ಲ’ ಎಂದು ಗೊಣಗುವುದು ಸರಿಯಲ್ಲ. ಅದರ ಭಾರವೆಲ್ಲ ನಿಮ್ಮಂಥವರ ಮೇಲೆ ಬೀಳುತ್ತಿದೆ ಎಂಬುದೇ ನನ್ನ ಬೇಸರ.

ಈಗ ನಿಮ್ಮ ಕೈಯಲ್ಲಿ ಏನಿದೆ ನೋಡೋಣ. ನಿಮ್ಮ ಕಂಪನಿ ಯಾವಾಗಲೋ ಒಮ್ಮೆ ಹೊರದೇಶದ ಬಿಲ್ ಕಟ್ಟುತ್ತದೆ ಎಂದು ಬರೆದಿದ್ದೀರಿ. ಅದೇ ನಿಮ್ಮ ಬಾಗಿಲು. ಆ ಬಿಲ್ ಯಾವ ಕರೆನ್ಸಿಯಲ್ಲಿತ್ತು, ಬಿಲ್ ಬಂದ ದಿನಕ್ಕೂ ಹಣ ಕಟ್ಟಿದ ದಿನಕ್ಕೂ ವಿನಿಮಯ ದರ ಎಷ್ಟು ಬದಲಾಯಿತು, ಆ ವ್ಯತ್ಯಾಸ ಲಾಭಕ್ಕೆ ಹೋಯಿತೋ ನಷ್ಟಕ್ಕೋ, ಮೊದಲೇ ದರ ಗೊತ್ತು ಮಾಡಿಕೊಳ್ಳುವ ಫಾರ್ವರ್ಡ್ ಕಾಂಟ್ರಾಕ್ಟ್ ಮಾಡಿಸಿದ್ದರೆ ಏನಾಗುತ್ತಿತ್ತು ಎಂದು ಕೂತು ಲೆಕ್ಕ ಹಾಕಿ. ಲೆಕ್ಕಪತ್ರದ ನಿಯಮಗಳು ದೇಶದಿಂದ ದೇಶಕ್ಕೆ ಎಲ್ಲಿ ಬೇರೆಯಾಗುತ್ತವೆ ಎಂದೂ ಓದಿ. ಉದಾಹರಣೆಗೆ, ದಾಸ್ತಾನಿನ ಬೆಲೆ ಕಟ್ಟಲು, ಕೊನೆಗೆ ಬಂದ ಸರಕೇ ಮೊದಲು ಹೋಯಿತು ಎಂದು ಲೆಕ್ಕ ಹಿಡಿಯುವ ಎಲ್‌ಐಎಫ್‌ಒ ವಿಧಾನಕ್ಕೆ ಅಮೆರಿಕದ ನಿಯಮದಲ್ಲಿ ಅವಕಾಶವಿದೆ, ಹಲವು ದೇಶಗಳು ಅನುಸರಿಸುವ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮವಾದ ಐಎಫ್‌ಆರ್‌ಎಸ್‌ನಲ್ಲಿ ಇಲ್ಲ. ಹೊರದೇಶದ ಶಾಖೆಗಳಿರುವ ಕಂಪನಿಯಲ್ಲಿ ಇದು ತಿಳಿದವರಿಗೆ ಬೆಲೆ ಇದೆ. ಜೊತೆಗೆ ನಿಮ್ಮ ಕಂಪನಿಯ ಒಂದೆರಡು ವಸ್ತುಗಳಿಗೆ, ಸುಂಕದವರು ಸರಕನ್ನು ಗುರುತಿಸಲು ಬಳಸುವ ಸಂಖ್ಯೆಯಾದ ಎಚ್‌ಎಸ್ ಕೋಡ್ ಹುಡುಕಿ. ಮೊದಲ ಆರು ಅಂಕಿ ಈ ಪದ್ಧತಿ ಬಳಸುವ ಎಲ್ಲ ದೇಶಗಳಿಗೂ ಒಂದೇ. ಮುಂದಿನ ಅಂಕಿಗಳನ್ನು ಆಯಾ ದೇಶ ಸೇರಿಸಿಕೊಳ್ಳುತ್ತದೆ, ಎಷ್ಟು ಸುಂಕ ಎಂಬುದು ಅದರ ಮೇಲೆ ನಿಂತಿರುತ್ತದೆ.

ಇಷ್ಟು ಮಾಡಿದ ಮೇಲೂ ಯಾವ ಭಾಗ ಅರ್ಥವಾಗುತ್ತಿಲ್ಲ ಎಂದು ನಿಮಗೇ ತಿಳಿಯುತ್ತದೆ. ಕೋರ್ಸ್ ಬೇಕೆನಿಸಿದರೆ ಆ ಭಾಗಕ್ಕೆ ಮಾತ್ರ ಸೇರಿ. ಪಾಠದಲ್ಲಿ ನಿಜವಾದ ದಾಖಲೆಗಳನ್ನು ತುಂಬಿಸುತ್ತಾರಾ ಎಂದು ಸೇರುವ ಮೊದಲೇ ಕೇಳಿ. ಅರ್ಜಿಯಲ್ಲಿ ‘ಅಂತರರಾಷ್ಟ್ರೀಯ ವ್ಯವಹಾರದಲ್ಲಿ ಆಸಕ್ತಿ’ ಎಂಬ ಸಾಲು ಹಾಕಬೇಡಿ. ಹೊರದೇಶದ ಬಿಲ್‌ಗಳಲ್ಲಿ ನೀವು ಏನು ತಾಳೆ ನೋಡಿದಿರಿ, ಯಾವ ತಪ್ಪು ಹಿಡಿದಿರಿ ಎಂದು ಬರೆಯಿರಿ. ಸಂದರ್ಶನದಲ್ಲಿ ‘ವಿದೇಶಕ್ಕೆ ಹೋಗಿದ್ದೀರಾ?’ ಎಂದು ಕೇಳಿದರೆ ಇಲ್ಲ ಎಂದೇ ಹೇಳಿ. ಆಮೇಲೆ, ‘ನೀವು ಯಾವ ಇನ್ಕೋಟರ್ಮ್ ಮೇಲೆ ಕೊಳ್ಳುತ್ತೀರಿ, ವಿಮೆ ಯಾರು ಮಾಡಿಸುತ್ತಾರೆ?’ ಎಂದು ನೀವೇ ಅವರನ್ನು ಕೇಳಿ.

– ಸಂಪಾದಕರು