ಮೃಗಾಲಯದ ಪಾಲಕರು ಮೊಸಳೆಯ ನಂಬಿಕೆ ಗಳಿಸುವುದು ಹೇಗೆ? ಶಿವಮೊಗ್ಗದ ಕಡೆಯ ಹವೆಯಲ್ಲಿ ಇದು ಆಗುತ್ತದೆಯೇ?

ಆಗುತ್ತದೆ, ಆದರೆ ಅದು ನಾಯಿಯ ಪ್ರೀತಿಯಂಥದ್ದಲ್ಲ. ಈ ಮನುಷ್ಯ ಬಂದರೆ ಮುಂದೇನಾಗುತ್ತದೆ ಎಂಬುದು ಮೊಸಳೆಗೆ ಖಚಿತವಾಗುವುದೇ ಇಲ್ಲಿ ನಂಬಿಕೆ.

ಉದ್ದನೆಯ ಕೋಲಿನ ತುದಿಗೆ ಬಣ್ಣದ ಚೆಂಡು ಕಟ್ಟಿ, ಬೇಲಿಯ ಆಚೆಯಿಂದ ಮೂತಿಯ ಹತ್ತಿರ ಹಿಡಿಯುತ್ತಾರೆ. ಮೂತಿ ತಾಗಿದ ಒಂದೆರಡು ಸೆಕೆಂಡಿನೊಳಗೆ ಉದ್ದ ಇಕ್ಕಳದಲ್ಲಿ ಮೀನಿನ ತುಂಡು ಕೊಡಬೇಕು. ತಡವಾದರೆ ಮೀನು ಯಾತಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ದಿನಕ್ಕೆ ಐದು-ಹತ್ತು ನಿಮಿಷ ಸಾಕು. ಬರಬರುತ್ತಾ ಚೆಂಡಿನ ಹಿಂದೆಯೇ ಬೋನಿಗೂ ಬರುತ್ತದೆ; ಹಗ್ಗ ಬಿಗಿದು ಎಳೆದಾಡುವ ಹಿಂಸೆ ತಪ್ಪುತ್ತದೆ. ಚೆನ್ನೈ ಬಳಿಯ ಮದ್ರಾಸ್ ಮೊಸಳೆ ಬ್ಯಾಂಕಿನಲ್ಲಿ ಮೊಸಳೆಗಳು ಹೆಸರು ಕರೆದರೆ ಬರುವುದನ್ನೂ ಕಲಿತಿವೆ.

ಈ ನಂಬಿಕೆ ಕೆಡುವುದು ಹೆಚ್ಚಾಗಿ ಬಕೆಟ್ಟಿನ ಸದ್ದಿನಿಂದ. ಊಟ ತರುವ ಬಕೆಟ್ಟನ್ನೇ ಕೊಳ ತೊಳೆಯಲೂ ಒಯ್ದರೆ ಮೊಸಳೆ ಊಟವೆಂದೇ ನುಗ್ಗುತ್ತದೆ. ಬಕೆಟ್ಟೂ ಬೇರೆ, ಬಾಗಿಲೂ ಬೇರೆ ಇರಲಿ.

ಮಲೆನಾಡಿನ ಜಡಿಮಳೆಯಲ್ಲಿ ಮೊಸಳೆಯ ಮೈ ಬಿಸಿಯೇರದೆ ಜೀರ್ಣಶಕ್ತಿ ಕುಗ್ಗುತ್ತದೆ. ಒತ್ತಾಯದಿಂದ ತಿನ್ನಿಸಿದರೆ ಮಾಂಸ ಹೊಟ್ಟೆಯಲ್ಲೇ ಕೊಳೆಯಬಹುದು. ಬಿಸಿಲು ಬರುವವರೆಗೆ ಪಾಠ ನಿಲ್ಲಿಸಿ.

ಭದ್ರಾ ಹಿನ್ನೀರಿನ ಕಾಡು ಮೊಸಳೆಗೆ ಮಾತ್ರ ಕೋಳಿ ಎಸೆಯಬೇಡಿ. ಜನ ಬಂದರೆ ಊಟ ಸಿಗುತ್ತದೆಂದು ಕಲಿತದ್ದು ನಾಳೆ ಬಟ್ಟೆ ಒಗೆಯುವವರ ಹತ್ತಿರವೇ ಬರುತ್ತದೆ.