ಮಗಳಿಗೆ ಎಕ್ಸ್‌ರೇ ಡ್ಯೂಟಿ, ನನಗೆ ಸೋಂಕಿನ ಭಯ

ಪ್ರಶ್ನೆ: ನನ್ನ ಮಗಳು ಠಾಣೆಯ ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿ ಸೇರಿದ್ದಾಳೆ. ಕೊರೊನಾದಂಥದ್ದು ಮತ್ತೆ ಬಂದರೆ ಏನು ಗತಿ ಎಂದು ಯೋಚಿಸಿ ನಿದ್ದೆ ಬರುವುದಿಲ್ಲ. ಎಕ್ಸ್‌ರೇ ಕಿರಣಕ್ಕೆ ವೈರಸ್ ಸಾಯುತ್ತದೆ, ಸೀಸದ ಏಪ್ರನ್ ಬೇರೆ ಇದೆ, ಹೆದರಬೇಡಿ ಅಂತಾರೆ ಅಕ್ಕಪಕ್ಕದವರು. ನಿಜವೇ? ಮನೆಯಲ್ಲಿ ವಯಸ್ಸಾದ ಮಾವ ಇದ್ದಾರೆ. ಕೆಲಸ ಬಿಡಿಸಲೇ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಕೆಲಸ ಬಿಡಿಸಬೇಡಿ ಅಕ್ಕಾ. ಆದರೆ ಅಕ್ಕಪಕ್ಕದವರ ಮಾತನ್ನೂ ನಂಬಬೇಡಿ. ಎದೆಯ ಎಕ್ಸ್‌ರೇಗೆ ಬಿಡುವ ಕಿರಣ ತೀರಾ ಕಡಿಮೆ, ಅದಕ್ಕೆಲ್ಲ ವೈರಸ್ ಸಾಯುವುದಿಲ್ಲ. ಸೀಸದ ಏಪ್ರನ್ ಕಿರಣಕ್ಕೆ ಅಡ್ಡ ನಿಲ್ಲುತ್ತದೆ, ಕೆಮ್ಮಿಗಲ್ಲ.

2020ರಲ್ಲಿ ನಾನು ಮುಂಬೈಯ ಒಂದು ಆಸ್ಪತ್ರೆಯ ರೇಡಿಯಾಲಜಿಯಲ್ಲಿ, ಅಂದರೆ ಎಕ್ಸ್‌ರೇ-ಸ್ಕ್ಯಾನ್ ವಿಭಾಗದಲ್ಲಿದ್ದೆ. ಜೂನ್ 15ಕ್ಕೆ ಅಗತ್ಯ ಸೇವೆಯವರಿಗೆ ಲೋಕಲ್ ರೈಲು ಬಿಡುವವರೆಗೂ ನಗರ ಸಾರಿಗೆಯ 'ಬೆಸ್ಟ್' ಬಸ್ಸೇ ಗತಿ. ಆಗ ನಮ್ಮನ್ನು ಜಾಸ್ತಿ ಕಾಪಾಡಿದ್ದು ಜೋಡಿ ಡ್ಯೂಟಿ. ಪೋರ್ಟಬಲ್ ಮೆಷಿನ್ ತಳ್ಳಿಕೊಂಡು ವಾರ್ಡಿಗೆ ಇಬ್ಬರು ಹೋಗುತ್ತಿದ್ದೆವು. ಒಬ್ಬರು ರೋಗಿಯನ್ನು ಮುಟ್ಟುವವರು, ಇನ್ನೊಬ್ಬರು ಮೆಷಿನ್ ಮಾತ್ರ ಮುಟ್ಟುವವರು. ಎಕ್ಸ್‌ರೇ ಚಿತ್ರ ಮೂಡುವ ಚಪ್ಪಟೆ ಕ್ಯಾಸೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರೋಗಿಯ ಬೆನ್ನ ಹಿಂದೆ ಇಡುತ್ತಿದ್ದೆವು. ಫೋಟೊ ಆದ ಮೇಲೆ ಮೊದಲನೆಯವರು ಚೀಲದ ಬಾಯನ್ನು ಹೊರಕ್ಕೆ ಮಡಚಿ ಹಿಡಿಯಬೇಕು, ಎರಡನೆಯವರು ಚೀಲದ ಹೊರಮೈಗೆ ಬೆರಳು ತಾಗದ ಹಾಗೆ ಒಳಗಿನ ಕ್ಯಾಸೆಟ್ಟನ್ನಷ್ಟೇ ಎಳೆದುಕೊಳ್ಳಬೇಕು. ಅವಸರ ಮಾಡಿದರೆ ಅಷ್ಟು ಹೊತ್ತಿನ ಶ್ರಮವೆಲ್ಲ ನೀರುಪಾಲು. ಜನ ಕಡಿಮೆ ಎಂದು ಒಬ್ಬಳನ್ನೇ ಕಳಿಸುತ್ತಾರಾ ಎಂದು ಮಗಳನ್ನು ಕೇಳಿ. ಸೀಸದ ಏಪ್ರನ್ ಸೋಂಕು ತಡೆಯುವ ಗೌನಿನ ಒಳಗಿರಲಿ. ಹೊರಗೆ ಹಾಕಿದರೆ ರೋಗಿಗೆ ತಾಗಿದ ಅದೇ ಏಪ್ರನ್ ಮುಂದಿನ ಪಾಳಿಯವರ ಮೈಮೇಲೆ ಬರುತ್ತದೆ.

ಸಿ.ಟಿ. ಸ್ಕ್ಯಾನ್ ರೂಮಿನಲ್ಲಿ ನೋಡಬೇಕಾದ್ದು ಗಾಳಿ. ಗಂಟೆಗೆ 6 ಸಲ ಗಾಳಿ ಬದಲಾಗುವ ಕೋಣೆಯಾದರೆ, ರೋಗಿ ಹೋದ ಮೇಲೆ ತೇಲುವ ಕಣಗಳಲ್ಲಿ ನೂರಕ್ಕೆ 99 ಹೊರಹೋಗಲು ಸುಮಾರು 46 ನಿಮಿಷ ಬೇಕು. 12 ಸಲ ಬದಲಾದರೆ 23 ನಿಮಿಷ ಸಾಕು. ಸಾಮಾನ್ಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ತಂಪಾಯಿತು ಅಂದರೆ ಶುದ್ಧವಾಯಿತು ಎಂದಲ್ಲ. 2021ರ ಏಪ್ರಿಲ್‌ನ ಕೊರೊನಾ ಅಲೆಯಲ್ಲಿ ಎಲ್ಲರಿಗೂ ಸಿ.ಟಿ.ಯಲ್ಲಿ ಶ್ವಾಸಕೋಶ ಎಷ್ಟು ಕೆಟ್ಟಿದೆ ಎಂದು ಹೇಳುವ '25ಕ್ಕೆ ಸ್ಕೋರ್ ಎಷ್ಟು' ಎಂಬ ಚಿಂತೆ, ಹೊರಗೆ ಸಾಲು ಹನುಮಂತನ ಬಾಲ. ಆ ಗಡಿಬಿಡಿಯಲ್ಲಿ ಎರಡು ಸ್ಕ್ಯಾನ್ ನಡುವಿನ ಬಿಡುವನ್ನೇ ನುಂಗಿಬಿಡುತ್ತಾರೆ. ಇದು ಟೆಕ್ನಿಷಿಯನ್ ಕೈಯಲ್ಲಿಲ್ಲ. ವಿಭಾಗದ ಡಾಕ್ಟರು ಗಟ್ಟಿಯಾಗಿ ನಿಂತು ಬೇಡದ ಸ್ಕ್ಯಾನ್‌ಗೆ ಬೇಡ ಅನ್ನಬೇಕು.

ಎನ್-95 ಮಾಸ್ಕ್ ಹಾಕಿದ ಮೇಲೆ ಎರಡೂ ಕೈಯಿಂದ ಅದನ್ನು ಮುಚ್ಚಿ ಹಿಡಿದು ಜೋರಾಗಿ ಉಸಿರು ಬಿಟ್ಟು ನೋಡಲಿ. ಮೂಗಿನ ಪಕ್ಕ ಗಾಳಿ ತಾಗಿದರೆ ಕ್ಲಿಪ್ಪನ್ನು ಮತ್ತೆ ಒತ್ತಬೇಕು. ಆದರೂ ನಿಲ್ಲದಿದ್ದರೆ ಅವಳ ಮುಖಕ್ಕೆ ಆ ಸೈಜು ಸರಿ ಇಲ್ಲ, ಬೇರೆಯದು ಕೇಳಲಿ. ಎಂಆರ್‌ಐ ರೂಮಿಗೆ ಮಾತ್ರ ಲೋಹದ ಕ್ಲಿಪ್ ಇರುವ ಮಾಸ್ಕ್ ಬೇಡ. ಸ್ಕ್ಯಾನ್ ವೇಳೆ ಅದು ಬಿಸಿಯಾಗಿ ರೋಗಿಯ ಮುಖ ಸುಡಬಹುದು.

ವಾರ್ಡಿನಲ್ಲಿ ಇಷ್ಟೆಲ್ಲ ಎಚ್ಚರ ವಹಿಸುವವರು ಟೀ ಹೊತ್ತಿಗೆ ಪುಟ್ಟ ಸ್ಟಾಫ್ ರೂಮಿನಲ್ಲಿ ಮಾಸ್ಕ್ ತೆಗೆದು ಒಟ್ಟಿಗೆ ಕೂರುತ್ತಾರೆ. ಅಲ್ಲಿ ಎದುರಿಗಿರುವವರು ನಮ್ಮವರೇ ಅಲ್ವಾ, ಅನುಮಾನವೇ ಬರುವುದಿಲ್ಲ. ಕಿಟಕಿ ತೆರೆದು ಸರದಿಯ ಮೇಲೆ ಊಟ ಮಾಡಲಿ.

ಇನ್ನೊಂದು ಮಾತು ಹೇಳದೆ ಇರಲಾರೆ. ರೋಗಿಯನ್ನು ತಬ್ಬಿ ಹಿಡಿದು ಟೇಬಲ್ಲಿಗೆ ಏರಿಸುವವರು ವಾರ್ಡಿನ ಮಾಮಾ, ಮಾವಶಿಗಳು, ಅಂದರೆ ವಾರ್ಡಿನ ಸಹಾಯಕರು. ಟೆಕ್ನಿಷಿಯನ್‌ಗಿಂತ ಅವರೇ ರೋಗಿಗೆ ಹತ್ತಿರ. ಎಷ್ಟೋ ಕಡೆ ಅವರು ಕಂಟ್ರಾಕ್ಟಿನವರು ಎಂದು ತೆಳು ಮಾಸ್ಕ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇದು ಘೋರ ಅನ್ಯಾಯ. ನಿಮ್ಮ ಮಗಳು ತನಗೆ ಎನ್-95 ಕೇಳುವಾಗ ಅವರಿಗೂ ಸೇರಿಸಿ ಕೇಳಲಿ.

ಕೊರೊನಾ ಬರಲಿ ಬಿಡಲಿ, ನಮ್ಮ ಮುಂಬೈ-ಠಾಣೆಯಲ್ಲಿ ಟಿಬಿ ಸದಾ ಇದ್ದೇ ಇದೆ, ಅದೂ ಗಾಳಿಯಿಂದಲೇ ಹರಡುತ್ತದೆ. ಎರಡು ವಾರ ದಾಟಿದ ಕೆಮ್ಮಿನವರು ಎದೆಯ ಫೋಟೊಗೆ ಬರುವುದು ಅವಳ ಹತ್ತಿರವೇ. ರೋಗಿಗೆ ಮಾಸ್ಕ್ ಕೊಡುವ ಅಭ್ಯಾಸ ಇವತ್ತೇ ಶುರುವಾಗಲಿ. ಮಾವನವರಿಗೆ ಡಾಕ್ಟರನ್ನು ಕೇಳಿ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ. ಮಗಳಿಗೆ ಜ್ವರವೋ ಕೆಮ್ಮೋ ಬಂದ ದಿನ ಅವಳು ಬೇರೆ ಕೋಣೆಯಲ್ಲಿ ಮಲಗಲಿ, ಡ್ಯೂಟಿಗೂ ಹೋಗುವುದು ಬೇಡ.